ಅಳಿಯನ ಗತಿ ಏನು?

ವಾಮದಪದವಿನ ನನ್ನ ಪುಸ್ತಕ-ಪೆನ್ನಿನ ಅಂಗಡಿಯ ಮೂಲೆಯಲ್ಲಿ ಒಂದು ಕಪಾಟಿದೆ. ಅದರಿಂದ ಯಾರು ಬೇಕಾದರೂ ಓದಲು ಪುಸ್ತಕ ಒಯ್ಯಬಹುದು. ಬಾಡಿಗೆಯಿಲ್ಲ, ಆದರೆ ಮರಳಿಸುವಾಗ ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ಒಂದು ಸಾಲು ಅಭಿಪ್ರಾಯ ಬರೆಯಲೇಬೇಕು. ನೀವು ಈ ಕಡೆ ಬಂದರೆ, ಮಿತ್ರರೇ, ಪುಸ್ತಕಗಳನ್ನು ಬದಿಗಿಟ್ಟು ಮೊದಲು ಚೀಟಿಗಳನ್ನೇ ಓದಿ.

ಈ ವರ್ಷ ಅತಿ ಹೆಚ್ಚು ಕೈ ದಾಟಿದ್ದು, ಆಕಾಶದಲ್ಲಿ ಹಾರುವ ಮಹಾವೀರನೊಬ್ಬನ ಚಿತ್ರಕಥೆ. ಊರೂರು ಉಳಿಸಿದ ಆತನಿಗೆ, ತನಗೊಬ್ಬ ಮಗನಿದ್ದಾನೆಂಬುದು ನಡುವಯಸ್ಸಿನಲ್ಲಿ ತಿಳಿಯುತ್ತದೆ. ಅದರಲ್ಲೊಂದು ಮಾತಿಲ್ಲದ ಪುಟವಿದೆ: ಬೆಟ್ಟ ಎತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಬೆನ್ನ ಹಿಂದೆ ಕಟ್ಟಿಕೊಂಡು ಮಗನ ಮುಂದೆ ನಿಂತಿದ್ದಾನೆ. ಅದನ್ನು ಬರೆದ ಕಲಾವಿದ ಯಾರೋ, ಅವನಿಗೆ ನನ್ನ ನಮಸ್ಕಾರ.

ಚೀಟಿಯಲ್ಲೂ ಹೊಗಳಿಕೆಯೇ ಹೆಚ್ಚು. ‘ಮುಖವಾಡ ತೆಗೆದ ಪುಟದಲ್ಲಿ ಅಳು ಬಂತು’ ಎಂದು ಪ್ರೌಢಶಾಲೆಯ ಹುಡುಗಿಯೊಬ್ಬಳು ಬರೆದಿದ್ದಾಳೆ. ‘ಕತೆ ಚಂದ. ಆದರೆ ಇಷ್ಟು ವರ್ಷ ಸಾಕಿದ ತಾಯಿಗೆ ಎರಡೇ ಚಿತ್ರ ಸಾಕಾ?’ ಎಂದು ಕನ್ಯಾನದಿಂದ ಬರುವ ಅಂಗನವಾಡಿ ಟೀಚರು ಕೇಳಿದ್ದಾರೆ. ನಿವೃತ್ತ ಮೇಷ್ಟ್ರೊಬ್ಬರು ಕತೆಯ ಬಗ್ಗೆ ಏನೂ ಹೇಳದೆ, ಟೀಚರ ಕಾಗುಣಿತಕ್ಕೆ ಅಂಕ ಕೊಟ್ಟಿದ್ದಾರೆ. ಅದರ ಕೆಳಗೆ ನನ್ನ ಸೋದರಮಾವನ ಓರೆ ಅಕ್ಷರ: ‘ಚಿತ್ರ ಲಾಯ್ಕುಂಟು. ಇವನ ಅಕ್ಕತಂಗಿಯರಿಗೆ ಮಕ್ಕಳಿಲ್ಲವಾ? ಮಗ ಬಂದ ಮೇಲೆ ಅಳಿಯನ ಗತಿ ಏನು?’

ಬೇರೆ ಕಡೆ ‘ಅಳಿಯ ಅಲ್ಲ, ಮಗಳ ಗಂಡ’ ಎಂದರೆ ಎರಡೂ ಒಂದೇ ಎಂದು ನಗುತ್ತಾರೆ. ನಮ್ಮಲ್ಲಿ ಅಳಿಯನೆಂದರೆ ಮೊದಲಿಗೆ ಅಕ್ಕತಂಗಿಯರ ಮಗ. ಮಾವನ ನಂತರ ಮನೆಯ ಯಜಮಾನ. ಕಾನೂನು ಎಂದೋ ಬದಲಾಯಿತು, ನಾಲಗೆ ಬದಲಾಗಿಲ್ಲ. ಮಹಾವೀರನ ಶಕ್ತಿಯೂ ಅಳಿಯಕಟ್ಟಿನ ಪ್ರಕಾರ ಅಳಿಯನಿಗೇ ಇಳಿಯಬೇಕೆಂಬ ವಾದವನ್ನು ಬಂದವರಿಗೆಲ್ಲ ಓದಿ ಹೇಳಿ, ವಾರವಿಡೀ ನಕ್ಕೆ.

ನನ್ನ ನಗುವಿಗೆ ಕಾರಣವಿತ್ತು: ಮಾವನಿಗಿದ್ದ ಅಳಿಯ ನಾನೇ. ತಂದೆಯಿಲ್ಲದ ನನ್ನನ್ನು ಬೆಳೆಸಿದವರು ಮದುವೆಯಾಗದ ಈ ಮಾವನೇ. ಹಳಗನ್ನಡದಲ್ಲಿ ‘ಅಳಿಯಂ’ ಎಂದರೆ ‘ನಾಶವಾಗನು’ ಎಂದು ಕಾಲೇಜಿನಲ್ಲಿ ಕಲಿತ ದಿನ, ಆ ಪದ ನನಗಾಗಿಯೇ ಹುಟ್ಟಿತೆಂದು ಬೀಗಿದವನು ನಾನು.

ಒಂದು ಮಧ್ಯಾಹ್ನ ಮಾವ ಅಂಗಡಿಗೆ ಬಂದು, ಪತ್ರವೊಂದನ್ನು ಮೇಜಿನ ಮೇಲಿಟ್ಟರು.

“ಮೂಡುಬಿದಿರೆಯಲ್ಲಿ ನನಗೊಬ್ಬ ಮಗ ಇದ್ದಾನಂತೆ. ಅಲ್ಲಿ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಅವನ ತಾಯಿಯ ಪರಿಚಯ ಇತ್ತು. ಅವಳು ಹೇಳಿರಲಿಲ್ಲ. ಈಗ ತೀರಿಹೋಗಿದ್ದಾಳೆ. ಒಮ್ಮೆ ನೋಡಬೇಕು ಅಂತ ಬರೆದಿದ್ದಾನೆ.”

ಜೊತೆಗಿದ್ದ ಫೋಟೋದಲ್ಲಿ ನನಗಿಂತ ಹಿರಿಯನೊಬ್ಬ, ಮಾವನದೇ ಹಣೆ ಹೊತ್ತು ನಿಂತಿದ್ದ. ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದನ್ನು ನಿಮ್ಮಲ್ಲಿ ಮುಚ್ಚಿಡಲಾರೆ. ಮನೆಯಲ್ಲ, ತೋಟವಲ್ಲ, ‘ನನ್ನ ಮಾವ’ ಎನ್ನುವಾಗಿನ ಆ ‘ನನ್ನ’ವನ್ನು ಯಾರೋ ಪಾಲು ಕೇಳಿದಂತಾಯಿತು.

“ಯಾವಾಗ ಬಂತು?” ಎಂದೆ.

“ಆ ಪುಸ್ತಕ ಕೊಂಡುಹೋಗುವ ಮೊದಲು. ನೀನು ಬೇಡ ಅಂತ ಹೇಳಿದ್ರೆ ನಾನು ಹೋಗುವುದಿಲ್ಲ ಮಾರಾಯ.”

ಹೇಳಿ ಎದ್ದು ನಿಂತರು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ನನಗೆ ಆಗ ತಿಳಿಯಿತು. ಚೀಟಿಯಲ್ಲಿದ್ದದ್ದು ಅಭಿಪ್ರಾಯವಲ್ಲ, ಬಾಯಿಬಿಟ್ಟು ಕೇಳಲಾರದೆ ನನಗೆ ಬರೆದ ಪ್ರಶ್ನೆ. ಅದನ್ನೇ ನಾನು ಊರಿಗೆಲ್ಲ ಓದಿ ನಗಿಸಿದ್ದೆ. ನಾಚಿಕೆಯಾಯಿತು.

“ಆದಿತ್ಯವಾರ ಹೋಗುವ” ಎಂದೆ. ಪತ್ರವನ್ನು ಮಡಚಲು ಮಾವ ಬಹಳ ಹೊತ್ತು ತೆಗೆದುಕೊಂಡರು.

ಅವರು ಹೋದ ಮೇಲೆ ಪುಸ್ತಕ ತೆಗೆದು, ಇಷ್ಟು ದಿನ ಎಲ್ಲರಿಂದ ಬರೆಸಿಕೊಂಡ ನಾನು, ಮೊದಲ ಬಾರಿಗೆ ನನ್ನ ಸಾಲನ್ನು ಮಾವನ ಸಾಲಿನ ಕೆಳಗೆ ಬರೆದೆ: ‘ಅಳಿಯ ಇದ್ದಾನೆ. ಅವನೂ ಜೊತೆಗೆ ಬರುತ್ತಾನೆ.’ ಅಲ್ಲಿಗೆ ಚೀಟಿ ತುಂಬಿತು. ಅಂಟು ಹಚ್ಚಿ ಇನ್ನೊಂದು ಕಾಗದವನ್ನು ಅದರ ಕೆಳಗೆ ಸೇರಿಸಿ, ಪುಸ್ತಕವನ್ನು ಆದಿತ್ಯವಾರದ ಚೀಲಕ್ಕೆ ಹಾಕಿದೆ. ಮೂಡುಬಿದಿರೆಯವರೂ ಓದಿ ಒಂದು ಸಾಲು ಬರೆಯಬೇಕಲ್ಲ.