ಕಾಕಾ ಹೊರಲಾರದ ಕಂಬಳಿ

ಸೂಜಿ ಇಲ್ಲ, ಗುಳಿಗೆ ಇಲ್ಲ. ನನ್ನ ಚೀಲದಲ್ಲಿರುವುದು ಹತ್ತಿ ಮತ್ತು ಒಂದು ಮೆತ್ತನೆಯ ಕುಂಚ. ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿ, ಗಾಯ ಮಾಯ್ದರೂ ನೋವು ಮಾಯದವರನ್ನು ಹುಡುಕುವುದೇ ನನ್ನ ಸಂಶೋಧನೆ. ಪೆಟ್ಟು ತಿಂದ ನರ ಕೆಲವರಲ್ಲಿ ಮಾತ್ರ ಯಾಕೆ ಹಟ ಹಿಡಿಯುತ್ತದೆ, ಮೊದಲೇ ತಡೆಯಲು ಬರುತ್ತದೆಯೇ ಎಂಬುದು ನನ್ನ ಪ್ರಶ್ನೆ. ಘೋಡಗೇರಿಯ ಅಜ್ಜಿಯೊಬ್ಬಳು ಅಂಗಾಲಿಗೆ ಕುಂಚ ತಾಗಿದ್ದೇ ತಡ, "ಇಷ್ಟ ಓದಿ ಕಚಗುಳಿ ಇಡಾಕ ಬಂದಿಯೇನವ್ವಾ?" ಎಂದಳು. ಅಂದಿನಿಂದ ನಾನು ಕಚಗುಳಿ ಡಾಕ್ಟರ್. ಬೋರ್ಡು ಬರೆಸುವುದೊಂದೇ ಬಾಕಿ.

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಮಮದಾಪುರದ ನಮ್ಮ ಮನೆಗೆ ಸರಿಯಾಗಿ ಒಪ್ಪುತ್ತದೆ. ಅಪ್ಪನ ತಮ್ಮ, ನಮ್ಮ ಕಾಕಾ, ನನ್ನ ಕುಂಚವನ್ನು ಹತ್ತಿರ ಬಿಟ್ಟುಕೊಂಡವರಲ್ಲ. ಕುರಿ ಕಾಯ್ದೇ ಬಾಳಿದ ಅವರು ಬೈಕಿನಿಂದ ಬಿದ್ದು ಎಡಹೆಗಲಿಗೆ ಪೆಟ್ಟಾದ ಮೇಲೆ ಕಂಬಳಿ ಹೊರುವುದನ್ನೇ ಬಿಟ್ಟಿದ್ದರು. ಕುರುಬರ ಹಿರಿಯನ ಹೆಗಲು ಬರಿದಾದರೆ ಮಂದಿ ಮಾತಾಡದೆ ಬಿಡುತ್ತಾರೆಯೇ? ಕಾಕು ಅಂತೂ, "ಸಾಹೇಬ್ರಿಗೆ ಷೋಕಿ ಹೆಚ್ಚಾಗೈತಿ" ಎಂದು ದಿನಾ ಗಂಡನನ್ನು ಚುಚ್ಚುತ್ತಿದ್ದಳು. ಈಗ ಮಗಳ ಮದುವೆ ಮಾತಿಗೆ ಮೇಲವಂಕಿಗೆ ಹೋಗಬೇಕಿತ್ತು. ಬರಿ ಹೆಗಲಿನಲ್ಲಿ ಬೀಗರ ಮುಂದೆ ಕೂರಲಾರೆನೆಂದು ಕಾಕಾ ಹಟ ಹಿಡಿದರು. ಅಪ್ಪ ಬಾರದಿದ್ದರೆ ಈ ಮದುವೆಯೇ ಬೇಡವೆಂದು ಮಗಳು ಅತ್ತಳು.

ಇನ್ನು ಕೇಳುವುದೇನೆಂದು ನಾನು ಹತ್ತಿಯಿಂದ ಅವರ ಎಡಹೆಗಲನ್ನು ಮೆಲ್ಲಗೆ ಸವರಿದೆ. ತೋಳ ಬಂದರೂ ಕದಲದ ಮನುಷ್ಯ ಹಲ್ಲು ಕಚ್ಚಿ ಕಣ್ಣು ಮುಚ್ಚಿದರು.

"ಕೆಂಡ ಇಟ್ಟಂಗ ಆಗತೈತಿ," ಎಂದರು. "ಕಂಬಳಿ ಯಾ ಹೆಗಲಿಗಿ ಹಾಕಿದ್ರೂ ಜಾರಿ ಅಲ್ಲೇ ತಾಕತೈತಿ. ಗಾಯ ಇಲ್ಲ, ಬಾವು ಇಲ್ಲ, ಯಾರ ನಂಬತಾರ? ನನ್ನ ತಲಿನ ಕೆಟ್ಟೈತಿ ಅಂತ ಸುಮ್ನ ಇದ್ದೆ."

"ತಲಿ ಅಲ್ಲ ಕಾಕಾ, ನರ ಕೆಟ್ಟೈತಿ."

"ಖರೇನ? ನನ್ನಂಗ ಮತ್ತ್ಯಾರರ ಅದಾರ?"

"ಊರೂರಿಗೂ ಅದಾರ. ಅವ್ರನ್ನ ಹುಡುಕ್ಕೋತನ ತಿರುಗಾಕತ್ತೇನಿ."

ಅವರ ಮುಖ ಸಡಿಲಾದದ್ದು ಕಂಡು ನನಗೇ ಅಳು ಬಂತು. ಔಷಧಿ ಇದೆ, ಆದರೆ ನಿಧಾನ, ಪೂರ್ತಿ ಹೋಗುವ ಭರವಸೆ ಕೊಡಲಾರೆ ಎಂದೂ ಹೇಳಿದೆ. ಬಾಗಿಲಲ್ಲಿ ನಿಂತು ಎಲ್ಲ ಕೇಳಿದ ಕಾಕು ಒಳಗೆ ಹೋದಳು.

ಮೇಲವಂಕಿಗೆ ಹೊರಟ ದಿನ ಅವಳು ಕಾಕಾನ ಕಂಬಳಿಯನ್ನು ಮಡಚಿ ತನ್ನ ಹೆಗಲಿಗೆ ಹಾಕಿಕೊಂಡಳು.

"ಮಂದಿ ನಗತಾರ," ಎಂದರು ಕಾಕಾ.

"ನಗಲಿ ಬಿಡ್ರಿ. ಇಷ್ಟ ದಿನ ನಾ ನಕ್ಕಿಲ್ಲೇನ?" ಎಂದು ಅವಳು ಅವರ ಬಲಗಡೆಗೆ ಸರಿದು ನಡೆದಳು.