ಕುರಿಗೆ ರೆಕ್ಕೆ ಕೊಡುವ ಫೋನು

ಚಿಕ್ಕಪಡಸಲಗಿ ಬ್ಯಾರೇಜಿನ ಈಚೆ ದಂಡೆಯಲ್ಲಿ ಸೋಮವ್ವ ನಲವತ್ತು ವರ್ಷ ಕುರಿ ಕಾಯ್ದವಳು. ಕುರಿ ಹೊಳೆಗಿಳಿಯುವ ದಾರಿಯನ್ನು ಹೋದ ವರ್ಷ ಕಬ್ಬಿನವರು ಉತ್ತು, ತಂತಿ ಬೇಲಿ ಹಾಕಿದರು. ಅಂದಿನಿಂದ ಹಿಂಡು ನಾಲ್ಕು ಕಿಲೋಮೀಟರು ಸುತ್ತಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಡಾಂಬರು ರಸ್ತೆ ಹಿಡಿದು ನೀರಿಗೆ ಹೋಗಬೇಕು. ಎರಡು ಮರಿ ಗಾಲಿಗೆ ಸಿಕ್ಕು ಸತ್ತವು.

ಚುನಾವಣೆ ಬಂತು. ಅವಳ ಮೈದುನ ಕರೆಪ್ಪನಿಗೆ ಒಂದು ಫೋನೂ ಬಂತು. ಅಭ್ಯರ್ಥಿಯದೇ ಧ್ವನಿ, ಅದೂ ಹೆಸರು ಹಿಡಿದು: “ಕರೆಪ್ಪ ಅವರ, ನಿಮ್ಮ ಕಷ್ಟ ಹೇಳ್ರಿ.” ಕರೆಪ್ಪ ಎದ್ದು ನಿಂತು, ರುಮಾಲು ಸರಿ ಮಾಡಿಕೊಂಡು ದಾರಿಯ ವಿಷಯ ಹೇಳಿದ. “ಆಗಲಿ, ಮಾಡಿಕೊಡೂಣು,” ಅಂದಿತು ಫೋನು.

ಅಷ್ಟಕ್ಕೇ ಅವನಿಗೆ ಇಬ್ಬರ ಗತ್ತು ಬಂತು. ಇಪ್ಪತ್ತೆರಡು ಮನೆಯವರನ್ನು ಬೀರಪ್ಪನ ಗುಡಿಗೆ ಕರೆಸಿ, ಅಂಗೈಗೆ ಭಂಡಾರ ಹಾಕಿ, ಎಲ್ಲರ ಓಟೂ ಆ ಅಭ್ಯರ್ಥಿಗೇ ಎಂದು ಆಣೆ ಮಾಡಿಸಿದ. ಆ ಅರಿಶಿನದ ಪುಡಿ ಮುಟ್ಟಿ ಕೊಟ್ಟ ಮಾತನ್ನು ಅವರಲ್ಲಿ ಯಾರೂ ಮುರಿಯುವುದಿಲ್ಲ. ಸೋಮವ್ವ ಮಾತ್ರ ಕೈಯನ್ನು ಸೆರಗಿನಿಂದ ಹೊರಗೆ ತೆಗೆಯಲಿಲ್ಲ.

“ಯಾಕ ವೈನಿ?” ಅತ್ತಿಗೆಯನ್ನು ಕೇಳಿದ ಕರೆಪ್ಪ.

“ಮೊದಲ ಆ ಮಾತು ಕೊಟ್ಟಾವನ ಕೈಗೆ ಹಾಕ. ಆಮ್ಯಾಗ ನನಗ.”

ಮೂರನೆಯ ದಿನ ಗುಡಿಕಟ್ಟೆಯ ಮೇಲೆ ಎಲ್ಲರೂ ಕುರಿ ಉಣ್ಣೆ ಕತ್ತರಿಸುತ್ತಿದ್ದಾಗ ಸೋಮವ್ವನ ಫೋನು ಬಡಿಯಿತು. ಎಲ್ಲರಿಗೂ ಕೇಳುವಂತೆ ಹಚ್ಚಿ ಕಟ್ಟೆಯ ಮೇಲಿಟ್ಟಳು.

“ಸೋಮವ್ವ ಅವರ, ನಿಮ್ಮ ಕಷ್ಟ ಹೇಳ್ರಿ.”

“ನಮ್ಮ ಕುರಿಗೋಳಿಗೆ ರೆಕ್ಕಿ ಬೇಕಾಗ್ಯಾವ್ರಿ ಸಾಹೇಬ್ರ. ಬೇಲಿ ಹಾರಿ ಹೊಳಿಗೆ ಹೋಗತಾವ.”

ಫೋನು ಅದೇ ಧ್ವನಿಯಲ್ಲಿ ಅಂದಿತು: “ಆಗಲಿ, ಮಾಡಿಕೊಡೂಣು.”

ಕತ್ತರಿಗಳು ನಿಂತವು. ಮುದುಕ ಸಿದರಾಯ ನಕ್ಕೂ ನಕ್ಕೂ ಕೆಮ್ಮಿದ. “ಮಿಷನ್ನಿನ್ಯಾಗ ತುಂಬಿಟ್ಟ ಮಾತಲೇ ಇದು ಕರೆಪ್ಪಾ. ರುಮಾಲು ಸುತಗೊಂಡು ನಿಂತು ಡಬ್ಬಿಗೆ ಅರ್ಜಿ ಕೊಟ್ಟೀಯಲ್ಲೋ.”

ಕರೆಪ್ಪ ತಲೆ ಎತ್ತಲಿಲ್ಲ. “ಏನರ ಆಗಲಿ. ಭಂಡಾರ ಮುಟ್ಟೇವಿ.”

“ಮುಟ್ಟಿದವರು ನೀವು,” ಅಂದಳು ಸೋಮವ್ವ. “ಅವಗ ಅದರ ಬಣ್ಣಾನೂ ಗೊತ್ತಿಲ್ಲ.”

ಗೊತ್ತಿದ್ದೂ ಗೊತ್ತಿದ್ದೂ ಇಪ್ಪತ್ತೆರಡು ಮನೆಯವರು ಸಾಲಾಗಿ ಹೋಗಿ ಡಬ್ಬಿಯವನಿಗೇ ಒತ್ತಿ ಬಂದರು. ಸೋಮವ್ವನದೊಂದು ಓಟು ಬಿಟ್ಟು. ಅವನು ಗೆದ್ದ. ಬೇಲಿ ಇದ್ದಲ್ಲೇ ಇದೆ. ಕರೆಪ್ಪ ಆ ನಂಬರಿಗೆ ತಿರುಗಿ ಹಚ್ಚಿದರೆ, ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಯಾವಳೋ ಒಬ್ಬಳು ಹೇಳಿದಳು. ಅವಳಿಗೂ ದಾರಿಯ ವಿಷಯ ಅರ್ಧ ಹೇಳಿ ಆಮೇಲೆ ಇಟ್ಟ.

ಈಗಲೂ ಬೆಳಿಗ್ಗೆ ಅವನು ಹಿಂಡನ್ನು ಡಾಂಬರು ರಸ್ತೆಗೆ ಹೊಡೆಯುವಾಗ ಸೋಮವ್ವ ಕುರಿದೊಡ್ಡಿಯ ಬಾಗಿಲಲ್ಲಿ ನಿಂತಿರುತ್ತಾಳೆ. ಮುಖ ನೋಡದೆ ಅನ್ನುತ್ತಾಳೆ:

“ಸಾವಕಾಶ ಹೊಡಿಯೋ ಕರೆಪ್ಪಾ. ಬಾಗಿಲಿಗೆ ರೆಕ್ಕಿ ತಾಗ್ಯಾವು.”