ಕಡತದಲ್ಲಿಲ್ಲದ ಒಂಬತ್ತನೆಯ ಸಾಮಾನು

ಎಮರ್ಜೆನ್ಸಿ ಬರುವ ಹಿಂದಿನ ವರ್ಷ, ಶಿವರಾತ್ರಿ ಕಳೆದ ಮೇಲಿನ ಒಂದು ಗುರುವಾರ, ಬೆಳಗಿನ ಆರೂಕಾಲರ ಬಸ್ಸಿಗೆ ದಾವಣಗೆರೆಯಿಂದ ಶಿಕಾರಿಪುರಕ್ಕೆ ಹೊರಟೆ. ಕೈಯಲ್ಲಿ ಒಂದೇ ಚೀಲ. ಅದರಲ್ಲಿ ಒಂದು ಜೊತೆ ಬಟ್ಟೆ, ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಕಡತ, ಪ್ರೆಸ್ಸಿನಿಂದ ತಂದ ಪ್ರೂಫ್ ಹಾಳೆಗಳು, ಮತ್ತು ನಮ್ಮಕ್ಕ ಬರೆದುಕೊಟ್ಟ ಒಂದು ಚೀಟಿ.

ಕಡತ ಎಂದರೆ ಈಗಿನವರು ಆಫೀಸಿನ ಫೈಲು ಎಂದುಕೊಳ್ಳುತ್ತಾರೆ. ಇದು ಅದಲ್ಲ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಕರಿಯ ಪುಸ್ತಕ. ನನ್ನ ಚೀಲದಲ್ಲಿದ್ದದ್ದು ಶಿಕಾರಿಪುರದಲ್ಲಿ ಪಂಡಿತರೆಂದೇ ಎಲ್ಲರೂ ಕರೆಯುತ್ತಿದ್ದ ನಾಟಿವೈದ್ಯರೊಬ್ಬರ ಮನೆಯದು. ಅವರ ಮುತ್ತಜ್ಜನೋ, ಆ ಮುತ್ತಜ್ಜನ ಅಜ್ಜನೋ ಬರೆದದ್ದಂತೆ. ಪಂಡಿತರು ತೀರಿಕೊಂಡು ಆರು ವರ್ಷವಾಗಿತ್ತು. ಅವರ ಮಗ ರುದ್ರಪ್ಪ ನನ್ನ ಜೊತೆ ಓದಿದವನು. ಹಿಂದಿನ ಬೇಸಿಗೆಯಲ್ಲಿ ಎರವಲು ಕೊಟ್ಟಿದ್ದ. ನಾನು ಕನ್ನಡ ಮೇಷ್ಟ್ರು. ಹಳೆಯ ಬರಹ ಓದುವುದನ್ನು ನಮ್ಮಜ್ಜ ಕೂರಿಸಿಕೊಂಡು ಕಲಿಸಿದ್ದರು. ಎಂಟು ತಿಂಗಳಲ್ಲಿ ಪ್ರತಿ ಮಾಡಿದೆ. ಭಾವನವರದೇ ಪ್ರೆಸ್ಸು ಇದ್ದದ್ದರಿಂದ ಅಚ್ಚಿಗೂ ಹಾಕಿದೆವು.

ಒಂದು ತೊಡಕಿತ್ತು. ಹದಿನೇಳು ಔಷಧಗಳ ಸಾಲಿನಲ್ಲಿ ಹೆಬ್ಬೆಟ್ಟಿನಗಲದ ಜಾಗ ಖಾಲಿ ಇತ್ತು. ಬಳಪದ ಬರಹ ತಾನೇ, ಉಜ್ಜಿಹೋಗಿದೆ ಎಂದುಕೊಂಡೆ. ನಾಲ್ಕಾರು ವೈದ್ಯಗ್ರಂಥಗಳನ್ನು ತಿರುವಿಹಾಕಿ, ಯಾವ ರೋಗಕ್ಕೆ ಯಾವ ಮೂಲಿಕೆ ಹೇಳಿದ್ದಾರೆಂದು ನೋಡಿ ಹದಿನೇಳನ್ನೂ ನಾನೇ ತುಂಬಿದೆ. ಕೀಲುನೋವಿನ ಲೇಹದಲ್ಲಿ ಎಂಟು ಸಾಮಾನು ಇದ್ದವು, ಒಂಬತ್ತನೆಯದು ಖಾಲಿ. ಅಲ್ಲಿಗೆ ಕಾಸರಕದ ಬೀಜ ಎಂದು ಬರೆದೆ. ತುಂಬಿದ್ದು ನಾನು ಎಂದು ಎಲ್ಲೂ ಗುರುತು ಹಾಕಲಿಲ್ಲ.

ಅಕ್ಕನಿಗೆ ಮೂರು ವರ್ಷದಿಂದ ಮೊಳಕಾಲು ನೋವು. ಪ್ರೂಫ್ ಹಾಳೆಯಲ್ಲಿ ಆ ಲೇಹವನ್ನು ಅವಳೇ ಹುಡುಕಿ ತೆಗೆದಿದ್ದಳು. "ನಿನ್ನ ಪುಸ್ತಕದ ಮೊದಲನೇ ಗಿರಾಕಿ ನಾನೇ ಕಣೋ. ಶಿಕಾರಿಪುರದಾಗೆ ಸಾಮಾನು ಚಲೋ ಸಿಗ್ತಾವಂತೆ. ಒಂಬತ್ತೂ ತಗಂಡು ಬಾ, ಭಾನುವಾರ ಒಲೆ ಮೇಲೆ ಇಡ್ತೀನಿ," ಎಂದಳು. ಭಾವ ಹೇಳಿದ್ದು ಇಷ್ಟೇ: "ಶನಿವಾರ ಆ ಹಾಳೆ ಮಿಷಿನ್ನಿಗೆ ಹತ್ತುತ್ತೆ. ತಿದ್ದೋದಿದ್ರೆ ಅಷ್ಟರೊಳಗೆ."

ಟಿಕೆಟ್ಟು ಮೂರೂಮುಕ್ಕಾಲು ರೂಪಾಯಿ. ಹೊನ್ನಾಳಿಯಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ಇಡ್ಲಿ ಬಿಸಿಯಾಗಿತ್ತು, ಚಟ್ನಿ ನೀರಾಗಿತ್ತು. ತುಂಗಭದ್ರೆಯಲ್ಲಿ ಬಂಡೆಗಳೇ ಹೆಚ್ಚು ಕಾಣುತ್ತಿದ್ದವು. ಅಲ್ಲಿಂದ ಮುಂದೆ ಬಯಲು ಕಳೆದು ಗುಡ್ಡದ ಸಾಲು ಶುರುವಾಗುತ್ತದೆ. ಹತ್ತು ಗಂಟೆಗೆ ಶಿಕಾರಿಪುರ.

ರುದ್ರಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಕಡತವನ್ನು ಅವನ ಮೇಜಿನ ಮೇಲೆ ಇಟ್ಟು, ಖಾಲಿ ಜಾಗಗಳ ವಿಷಯ ಎತ್ತಿದೆ. ಅವನು ಕೈ ಮುಗಿದ. "ಪಹಣಿ ಕೊಡು, ಓದ್ತೀನಿ. ಆ ಹಳೇ ಅಕ್ಷರ ನನಗೆ ಬರಲ್ಲ ಮಾರಾಯ. ಸೊರಬದ ಕಡೆ ನಮ್ಮ ಸೋದರತ್ತೆ ಗಿರಿಜಮ್ಮ ಇದಾಳೆ. ಅಪ್ಪ ಹೋದ ಮೇಲೆ ಔಷಧ ಕೊಡೋಳು ಅವಳೇ. ಇದೇ ಪುಸ್ತಕ ಅವಳ ಹತ್ರ ತಾಳೆಗರೀಲಿ ಇದೆ. ಹೋಗಿ ಕೇಳು." ಗರಿಯ ಮೇಲೆ ಕೊರೆದ ಅಕ್ಷರ ಉಜ್ಜಿದರೆ ಹೋಗುವುದಿಲ್ಲ. ನಾನು ತುಂಬಿದ್ದು ಸರಿಯೆಂದು ಅಲ್ಲಿ ರುಜುವಾತಾದೀತು ಎಂದು ಖುಷಿಯೇ ಆಯಿತು.

ಸಂಜೆ ಅಕ್ಕನ ಚೀಟಿ ಹಿಡಿದು ಪೇಟೆಯ ಗ್ರಂಥಿಗೆ ಅಂಗಡಿಗೆ ಹೋದೆ. ಬೇರು, ಚಕ್ಕೆ, ಒಣಗಿದ ಕಾಯಿ, ಎಲ್ಲದರ ವಾಸನೆ ಕಲಸಿ ಒಂದೇ ಆಗಿರುವ ಅಂಗಡಿ. ಮಾಲೀಕರು ಹುಸೇನ್ ಸಾಹೇಬರು. ಪಂಡಿತರಿಗೆ ಅವರ ಅಂಗಡಿಯಿಂದಲೇ ಸಾಮಾನು ಹೋಗುತ್ತಿತ್ತು. ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ಶುಂಠಿ, ಹಿಪ್ಪಲಿ, ದೇವದಾರು, ಅಮೃತಬಳ್ಳಿ ಎಂದು ಬೆರಳು ಮಡಚುತ್ತ ಬಂದರು. ಕೊನೆಗೆ ನಿಂತರು.

"ಇದು ಪಂಡಿತರ ಲೇಹ ಅಲ್ವೇನ್ರೀ?"

"ಹೌದು ಸಾಹೇಬ್ರೇ."

"ಇದರೊಳಗೆ ಕಾಸರಕ ಯಾರು ಹಾಕಿದ್ರು?"

"ಕಡತದಲ್ಲಿದೆ," ಎಂದೆ. ಸುಳ್ಳು ಬಹಳ ಸಲೀಸಾಗಿ ಬಂತು.

"ಹಂಗಾದ್ರೆ ಕಡತಕ್ಕೆ ಹುಚ್ಚು ಹಿಡಿದಿರ್ಬೇಕು ಬಿಡ್ರಿ. ಕಾಸರಕ ನಾನು ಮಾರ್ತೀನಿ, ಇಲ್ಲ ಅನ್ನಲ್ಲ. ಅಗೋ, ಆ ಡಬ್ಬಿ. ಅದರ ವಿಷ ತೆಗೆಯೋದು ಗೊತ್ತಿರೋ ವೈದ್ಯರಿಗೆ ಮಾತ್ರ ಕೊಡ್ತೀನಿ. ಅಡಿಗೆಮನೇಲಿ ಲೇಹ ಕಾಸೋ ಹೆಣ್ಮಕ್ಕಳಿಗೆ ಕೊಟ್ರೆ ಕೈಕಾಲು ಸೆಟೆದು ಹೋಗ್ತಾವ್ರೀ. ಆಮೇಲೆ ಅವರ ಮನೆಯವರು ನನ್ನ ಅಂಗಡಿ ಮುಂದೆ ಬಂದು ನಿಲ್ತಾರೆ, ನಿಮ್ಮ ಪುಸ್ತಕದ ಮುಂದಲ್ಲ."

"ಮತ್ತೆ ಒಂಬತ್ತನೇದು ಯಾವುದು?"

ಸಾಹೇಬರು ತಲೆ ಕೆರೆದುಕೊಂಡರು. "ಎಂಟು ಬಾಯಿಪಾಠ ಐತ್ರೀ. ಒಂಬತ್ತನೇದು ಅವತ್ತೂ ತಲೇಲಿ ನಿಲ್ತಿರ್ಲಿಲ್ಲ, ಇವತ್ತೂ ಇಲ್ಲ. ಪ್ರತಿ ಸಲ ಪಂಡಿತರನ್ನೇ ಕೇಳ್ಬೇಕಿತ್ತು."

ವಯಸ್ಸಾಗಿದೆ, ಮರೆವು ಎಂದುಕೊಂಡೆ. ಅವರು ಎಂಟು ಪೊಟ್ಟಣ ಕಟ್ಟಿಕೊಟ್ಟರು. ತಂತಿ ಕೊಡಬೇಕೆನ್ನಿಸಿತು, ಆದರೆ ಅಂಚೆ ಕಚೇರಿ ಮುಚ್ಚಿತ್ತು. ತೆರೆದಿದ್ದರೂ ಏನೆಂದು ಬರೆಯುತ್ತಿದ್ದೆ? ತಪ್ಪಾಗಿದೆ ಎಂದು ಗೊತ್ತಾಗಿತ್ತೇ ಹೊರತು ಸರಿ ಯಾವುದೆಂದು ಗೊತ್ತಾಗಿರಲಿಲ್ಲ. ಆ ರಾತ್ರಿ ರುದ್ರಪ್ಪನ ಮನೆಯಲ್ಲಿ ಉಳಿದೆ.

ಶುಕ್ರವಾರ ಏಳಕ್ಕೆ ಸೊರಬದ ಬಸ್ಸು. ಶಿರಾಳಕೊಪ್ಪದವರೆಗೆ ರಸ್ತೆ ಚೆನ್ನಾಗಿತ್ತು. ತಾಳಗುಂದದ ಕಡೆಯ ಗದ್ದೆಗಳಲ್ಲಿ ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದಿತ್ತು. ಶಿರಾಳಕೊಪ್ಪದಲ್ಲಿ ಉಡುತಡಿಯ ಹೆಂಗಸೊಬ್ಬಳು ಬದನೆಕಾಯಿ ಬುಟ್ಟಿಯೊಂದಿಗೆ ಹತ್ತಿ ನನ್ನ ಪಕ್ಕ ಕೂತಳು. ಎಲ್ಲಿಗೆ ಎಂದಳು. ಹೇಳಿದೆ.

"ನಾಡಿ ಅಮ್ಮನ ಮನಿಗಾ? ಚಂದ್ರಗುತ್ತಿ ರಸ್ತೇಲಿ ಮೂರು ಮೈಲಿ. ಯಾರನ್ನ ಕೇಳಿದ್ರೂ ತೋರಿಸ್ತಾರೆ. ನಮ್ಮನೆಯವರೂ ನಮ್ಮ ಮೈದುನಾನೂ ಒಂದೇ ದಿನ ಹೋಗಿದ್ರು ನೋಡ್ರಿ, ಇಬ್ರಿಗೂ ಸೊಂಟ ನೋವು. ಇವರಿಗೊಂದು ಕೊಟ್ಲು, ಅವನಿಗೊಂದು ಕೊಟ್ಲು. ದಾರಿ ಉದ್ದಕ್ಕೂ ಜಗಳ. ಒಳ್ಳೇದು ನಿಂಗೆ ಕೊಟ್ಲು, ಇಲ್ಲ ನಿಂಗೇ ಕೊಟ್ಲು ಅಂತ. ಕೊನೆಗೆ ಅದಲು ಬದಲು ಮಾಡ್ಕಂಡು ತಿಂದ್ರು."

"ಆಮೇಲೆ?"

"ಆಮೇಲೇನು? ಮೂರು ದಿನ ಇಬ್ರೂ ಚೊಂಬು ಹಿಡ್ಕಂಡು ಓಡಾಡಿದ್ರು. ಸೊಂಟದ ಮಾತೇ ಮರ್ತುಹೋತು!"

ಮುಂದಿನ ಸೀಟಿನವರೂ ನಕ್ಕರು. ನಾನೂ ನಕ್ಕೆ. ಅದರಲ್ಲಿ ನನಗೆ ಬೇಕಾದ ಉತ್ತರವಿತ್ತು ಎಂದು ಆಗ ಹೊಳೆಯಲಿಲ್ಲ.

ಸೊರಬದಲ್ಲಿ ಇಳಿದಾಗ ಒಂಬತ್ತೂವರೆ. ಚಂದ್ರಗುತ್ತಿಯ ಬಸ್ಸು ಹೋಗಿಬಿಟ್ಟಿತ್ತು. ಮೂರು ಮೈಲಿ ನಡೆದೆ. ಹಂಚಿನ ಮನೆ. ಜಗಲಿಯ ಮೇಲೆ ಏಳೆಂಟು ಜನ ಕಾಯುತ್ತಿದ್ದರು. ಗಿರಿಜಮ್ಮನವರಿಗೆ ಎಪ್ಪತ್ತರ ಹತ್ತಿರ. ಸಣ್ಣ ಮೈ, ದಪ್ಪ ಗಾಜಿನ ಕನ್ನಡಕ. ನನ್ನ ಸರದಿ ಬಂದಾಗ, "ಕೂತ್ಕಳಿ, ಕೈ ಕೊಡಿ," ಎಂದರು.

"ನಾನು ರೋಗಿ ಅಲ್ಲಮ್ಮ. ರುದ್ರಪ್ಪ ಕಳಿಸಿದ..."

"ನಾಲಗೆ ತೋರ್ಸಿ ಮೊದ್ಲು." ತೋರಿಸಿದೆ. "ಕಾಫಿ ಜಾಸ್ತಿ ಆತು. ಹ್ಞೂಂ, ಈಗ ಹೇಳಿ, ಎಂತ ಸಮಾಚಾರ?"

ಹೇಳಿದೆ. ಜನ ಕರಗಿದ ಮೇಲೆ ಗರಿಯ ಕಟ್ಟು ತಂದು ಬಿಚ್ಚಿದರು. ಕಡತದಲ್ಲಿದ್ದದ್ದೇ ಇಲ್ಲಿಯೂ ಇತ್ತು, ಅಕ್ಷರಕ್ಕೆ ಅಕ್ಷರ. ಬರೆದವರು ಗಿಡಗಳ ಹೆಸರು ಹೇಳಿ ಸುಮ್ಮನಾದವರಲ್ಲ. ಒಂದು ಗಿಡದ ಬಗ್ಗೆ, ಎಲೆ ಇಲಿಯ ಕಿವಿಯಂತೆ, ನೆಲ ಬಿಟ್ಟು ಏಳದು, ನೀರಾರಿದ ಗದ್ದೆಯ ಬದುವಿನಲ್ಲಿ ಹಬ್ಬುವುದು, ದನ ಮೂಸಿ ಬಿಡುವುದು ಎಂದಿದೆ. ಪ್ರತಿ ಮಾಡುವಾಗ ಇದನ್ನೆಲ್ಲ ಬರಹದ ಅಲಂಕಾರ ಎಂದುಕೊಂಡಿದ್ದೆ. ಗಿರಿಜಮ್ಮ ಹಿತ್ತಲಾಚೆಯ ಗದ್ದೆಗೆ ಕರೆದೊಯ್ದು ಬದುವಿನತ್ತ ಬೆರಳು ತೋರಿಸಿದರು. ಇಲಿಯ ಕಿವಿ ಸಾಲುಸಾಲಾಗಿ ಹಬ್ಬಿತ್ತು. ಪಕ್ಕದ ಹುಲ್ಲನ್ನು ದನ ನುಣ್ಣಗೆ ಮೇಯ್ದಿತ್ತು, ಇದನ್ನು ಮುಟ್ಟಿರಲಿಲ್ಲ.

ಒಳಗೆ ಬಂದು ಲೇಹದ ಗರಿ ತೆಗೆದೆ. ಎಂಟು ಸಾಮಾನು, ಆಮೇಲೆ ಹೆಬ್ಬೆಟ್ಟಿನಗಲದ ಜಾಗ. ಬೆರಳಾಡಿಸಿ ನೋಡಿದೆ. ನುಣ್ಣಗಿತ್ತು, ಬರೆಯುವ ಮೊನೆ ತಾಗಿದ ಗೀರೇ ಇರಲಿಲ್ಲ. ಉಳಿದ ಹದಿನಾರನ್ನೂ ನೋಡಿದೆ. ಎಲ್ಲವೂ ಹಾಗೆಯೇ.

"ಇಲ್ಲೂ ಇಲ್ಲವಲ್ಲಮ್ಮ, ಒಂಬತ್ತನೇದು."

"ಅದು ಬರಿಯೋದಲ್ಲ ಮಾರಾಯ್ರೇ. ಬಂದೋರನ್ನ ನೋಡಿ ಹಾಕೋದು. ಒಣಕಲು ಮೈಯೋರಿಗೆ ಒಂದು, ಕಾಲು ಊದೋರಿಗೆ ಒಂದು, ಹೊಟ್ಟೆ ಉರಿಯೋರಿಗೆ ಇನ್ನೊಂದು. ಬರೆದಿಟ್ರೆ ಓದಿದೋರು ಎಲ್ರಿಗೂ ಅದನ್ನೇ ಅರೆದು ಕೊಡ್ತಾರೆ. ಅದಕ್ಕೇ ಹಿರೀರು ಜಾಗ ಬಿಟ್ಟಿದ್ದು. ಪ್ರತಿ ಮಾಡೋಕೆ ಕೂತಾಗ ನಮ್ಮಪ್ಪ ಮೊದ್ಲು ಹೇಳಿದ್ದೇ ಅದು, ಖಾಲಿ ಜಾಗಾನೂ ಅಷ್ಟೇ ಅಳತೆಗೆ ಪ್ರತಿ ಮಾಡು ಅಂತ. ರುದ್ರ ಹೇಳ್ಲಿಲ್ವಾ?"

"ಅವನು ಪಹಣಿ ಬಿಟ್ಟು ಬೇರೇನೂ ಓದಲ್ಲ."

ಹುಸೇನ್ ಸಾಹೇಬರ ನೆನಪಿನಲ್ಲಿ ಕೊರತೆ ಇರಲಿಲ್ಲ. ಪಂಡಿತರು ಒಂಬತ್ತನೆಯದನ್ನು ಒಬ್ಬೊಬ್ಬ ರೋಗಿಗೆ ಒಂದೊಂದು ಹಾಕುತ್ತಿದ್ದರು, ಅಷ್ಟೇ. ನಾನು ಪ್ರೂಫ್ ಹಾಳೆಗಳನ್ನು ಮುಂದಿಟ್ಟೆ. ಗಿರಿಜಮ್ಮ ಹದಿನೇಳನ್ನೂ ನಿಧಾನವಾಗಿ ಓದಿದರು. ಬೆಕ್ಕೊಂದು ಬಂದು ಗರಿಯ ಕಟ್ಟನ್ನು ಮೂಸಿ ಹೋಯಿತು.

"ಅಚ್ಚುಕಟ್ಟಾಗಿ ತುಂಬಿದೀರಿ," ಎಂದರು. "ಯಾರನ್ನ ನೋಡಿ ತುಂಬಿದ್ರಿ?"

ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದೆ. "ನಮ್ಮಕ್ಕನಿಗಾದರೂ ಯಾವುದು ಹಾಕಬೇಕು ಹೇಳಿ. ಆಸೆ ಇಟ್ಟುಕೊಂಡು ಕಾಯ್ತಿದಾಳೆ," ಎಂದೆ.

"ನೋವು ಬೆಳಿಗ್ಗೆ ಏಳೋವಾಗ ಜಾಸ್ತಿಯಾ, ಸಂಜೆ ಹೊತ್ತಾ?"

"ಅದು... ಕೇಳಿಲ್ಲ."

"ನಿದ್ದೆ ಸಮಾ ಬರ್ತದಾ?"

"ಗೊತ್ತಿಲ್ಲಮ್ಮ."

"ಯಾವ ಕಾಲಿಗೆ ಮೊದ್ಲು ಬಂತು?"

ಹದಿನಾಲ್ಕು ವರ್ಷದಿಂದ ಅವಳ ಮನೆಯಲ್ಲೇ ಉಂಡುಕೊಂಡಿದ್ದವನು ನಾನು. ಅದೂ ಗೊತ್ತಿರಲಿಲ್ಲ.

"ಹದಿನೇಳು ಖಾಲಿ ತುಂಬೋಕೆ ಬಂತು, ಇದು ಗೊತ್ತಿಲ್ವಾ? ಹೋಗಿ ಕರ್ಕಂಡು ಬನ್ನಿ. ನೋಡ್ದೆ ನಾನು ಎಂತ ಹೇಳ್ಲಿ?"

"ಬಸ್ಸು ಬದಲಾಯಿಸಿಕೊಂಡು ಬರಬೇಕು. ಅವಳಿಗೆ ಆಗುತ್ತೋ ಇಲ್ವೋ."

"ಅದು ಅವರನ್ನ ಕೇಳಿ, ನನ್ನನ್ನಲ್ಲ," ಎಂದು ಗರಿಗಳನ್ನು ಒತ್ತಟ್ಟಿಗೆ ಜೋಡಿಸಿ ದಾರ ಸುತ್ತಿದರು. ಊಟ ಮಾಡಿಕೊಂಡೇ ಹೋಗಬೇಕೆಂದು ಹಟ ಹಿಡಿದರು. ಕೆಂಪಕ್ಕಿ ಅನ್ನ, ಹುರುಳಿ ಸಾರು, ಅಪ್ಪೆಮಿಡಿ ಉಪ್ಪಿನಕಾಯಿ. ಊಟದ ಕೊನೆಗೆ ಕಾಫಿ ಕೊಡಲಿಲ್ಲ.

ಬಿಸಿಲಲ್ಲಿ ಮತ್ತೆ ಮೂರು ಮೈಲಿ. ಅಂಚೆ ಕಚೇರಿ ಮುಚ್ಚಲು ಇನ್ನೂ ಸಮಯವಿತ್ತು. ಅಕ್ಕ ಕಾಯಲಾರದೆ ದಾವಣಗೆರೆಯಲ್ಲೇ ಸಾಮಾನು ಕೊಂಡು ಶುರುಮಾಡಿದರೆ ಎಂಬ ಹೆದರಿಕೆ ಹತ್ತಿತ್ತು. ಭಾವನವರ ಹೆಸರಿಗೆ ತಂತಿ ಬರೆದೆ: ಅಚ್ಚು ನಿಲ್ಲಿಸಿ, ಅಕ್ಕ ಏನೂ ಅರೆಯಬಾರದು, ನಾಳೆ ಬರುತ್ತೇನೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಗುಮಾಸ್ತರು ಎರಡು ಸಲ ಓದಿದರು.

"ಅರೆಯೋದು ಅಂದ್ರೆ ಗ್ರೈಂಡಾ? ಎಂತ ಮೇಷ್ಟ್ರೇ, ಅತ್ತೆ ಸೊಸೆ ಜಗಳನಾ?"

"ಅಲ್ಲ. ಔಷಧದ ವಿಷಯ."

"ಹಂಗಾದ್ರೆ ಅರ್ಜೆಂಟ್ ಅಂತ ಹಾಕ್ತೀನಿ," ಎಂದು ಗಂಭೀರವಾಗಿ ಯಂತ್ರದ ಕಡೆ ತಿರುಗಿದರು.

ಆ ರಾತ್ರಿ ಸೊರಬದಲ್ಲಿ ಒಂದು ಖಾನಾವಳಿಯ ಮಹಡಿಯಲ್ಲಿ ಮಲಗಿ, ಶನಿವಾರ ಮೊದಲ ಬಸ್ಸು ಹಿಡಿದೆ. ಹೊನ್ನಾಳಿಯ ಹತ್ತಿರ ಟಯರು ಪಂಚರಾಗಿ ಒಂದು ಗಂಟೆ ಹೋಯಿತು. ದಾವಣಗೆರೆ ತಲುಪಿದಾಗ ಮಧ್ಯಾಹ್ನ ಎರಡೂವರೆ. ನೇರ ಪ್ರೆಸ್ಸಿಗೆ ಹೋದೆ.

ಭಾವ ಮಿಷಿನ್ ನಿಲ್ಲಿಸಿ ಕೂತಿದ್ದರು. ನಡೆದದ್ದನ್ನು ಹೇಳಿದೆ, ನಾನು ಮಾಡಿದ್ದನ್ನೂ ಸೇರಿಸಿ. ಅವರು ಬೈಯಲಿಲ್ಲ. ಚಿಮಟ ತೆಗೆದುಕೊಂಡು ನನ್ನ ಮೂಲಿಕೆಗಳನ್ನು ಒಂದೊಂದು ಅಕ್ಷರವಾಗಿ ಕಿತ್ತು, ಆ ಜಾಗಕ್ಕೆ ಅಚ್ಚು ಮೂಡದ ಸೀಸದ ತುಂಡುಗಳನ್ನು ಕೂರಿಸುತ್ತ ಹೋದರು. "ಓದಿದೋರು ಕಂಪೋಸಿಟರ್ ನಿದ್ದೆ ಮಾಡ್ತಿದ್ದ ಅಂತಾರೆ, ನೋಡ್ತಿರು," ಎಂದರು. ಔಷಧಗಳ ಸಾಲಿನಲ್ಲಿ ಖಾಲಿ ಇರುವ ಜಾಗಗಳು ಹಿರಿಯರು ಬೇಕೆಂದೇ ಬಿಟ್ಟವು, ದಯವಿಟ್ಟು ಯಾರೂ ತುಂಬಬೇಡಿ ಎಂದು ಮುನ್ನುಡಿಗೆ ಎರಡು ಸಾಲು ಸೇರಿಸಿ ಕೊಟ್ಟು ಮನೆಗೆ ಹೋದೆ.

ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. "ಏನೂ ಅರೀಬಾರದು ಅಂದ್ರೆ ಏನೋ? ನಿನ್ನೆಯಿಂದ ಮನೇಲಿ ಚಟ್ನೀನೂ ಇಲ್ಲ." ಪೊಟ್ಟಣಗಳನ್ನು ಮಡಿಲಿಗೆ ಹಾಕಿಕೊಂಡು ಮುಟ್ಟಿ ಮುಟ್ಟಿ ನೋಡಿದಳು. "ಎಂಟೇ ಅದಾವಲ್ಲೋ!"

ಹೇಳಿದೆ. ಖಾಲಿ ಜಾಗ, ಕಾಸರಕ, ಗಿರಿಜಮ್ಮ ಕೇಳಿದ ಪ್ರಶ್ನೆಗಳು, ನನಗೆ ಗೊತ್ತಿಲ್ಲದೆ ಹೋದದ್ದು. ಅಕ್ಕ ಪೊಟ್ಟಣಗಳನ್ನು ಬದಿಗಿಟ್ಟಳು.

"ಯಾವ ಕಾಲಿಗೆ ಮೊದಲು ಬಂತು ಅಂತ ಕೇಳಿದ್ಲಾ ಆಯಮ್ಮ?"

"ಹೂಂ."

"ನಿದ್ದೆ ಬರ್ತದಾ ಅಂತಾನೂ ಕೇಳಿದ್ಲಾ?"

"ಕೇಳಿದ್ರು."

ಅಕ್ಕ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಳು. "ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ ಇರ್ತದೋ?"

ನಾನು ಬಗ್ಗಿ, ನೆಲದಿಂದ ಅಷ್ಟೆತ್ತರಕ್ಕೆ ಅಂಗೈ ಹಿಡಿದು ತೋರಿಸಿದೆ. ಅಕ್ಕ ಸೀರೆಯ ನೆರಿಗೆ ಒಂದಿಷ್ಟು ಮೇಲೆತ್ತಿಕೊಂಡು, ತುಟಿ ಕಚ್ಚಿ, ಎಡಗಾಲು ಎತ್ತಿದಳು. ಮೊದಲ ಸಲ ಅರ್ಧಕ್ಕೇ ಇಳಿಯಿತು. ಎರಡನೆಯ ಸಲ ಅವಳ ಪಾದ ನನ್ನ ಅಂಗೈ ಮೇಲೆ ಬಂದು ನಿಂತಿತು.